ನೂರ ಎಪ್ಪತ್ತಾರರ ಮುಂದೆ

"ಇದು ಪುಸ್ತಕದಲ್ಲಿಲ್ಲ," ಎಂದು ಬೈಂಡರು ಕನ್ನಡಕದ ಡಬ್ಬಿಯನ್ನು ಟಿವಿಯ ಕಡೆ ಚಾಚಿದರು. "ಶುದ್ಧ ಸುಳ್ಳು. ಸಿನಿಮಾದವರೇ ತುರುಕಿದ್ದು."

ಪರದೆಯ ಮೇಲೆ ಗೂಢಚಾರ ಬಟ್ಟೆ ಒಗೆಯುವ ಅಂಗಡಿಯಲ್ಲಿ ನಿಂತಿದ್ದ. ಮುದುಕಿಯೊಬ್ಬಳು ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು. ಅವನು ಕಾಲರಿನ ಹೊಲಿಗೆ ಬಿಚ್ಚಿ ಒಳಗಿನಿಂದ ಒಂದು ಚೀಟಿ ಎಳೆದ. ಅದರಲ್ಲಿ ದ್ರೋಹಿಯ ಹೆಸರಿತ್ತು. ಬೈಂಡರು ಹಳೇ ಕ್ಯಾಲೆಂಡರಿನಿಂದ ಒಂದು ಚೂರು ಹರಿದು ಕುರ್ಚಿಯ ಕೈಮೇಲಿದ್ದ ರಾಶಿಗೆ ಸೇರಿಸಿದರು. ಗೂಢಚಾರರ ಸಿನಿಮಾ ಯಾವುದೇ ಬರಲಿ, ಅದು ಕಾದಂಬರಿಯಿಂದ ತಪ್ಪಿದಲ್ಲೆಲ್ಲ ಒಂದೊಂದು ಚೂರು. ಇದು ಹತ್ತನೆಯದು. ಬೇರೆ ಸಿನಿಮಾಗಳಿಗೆ ಪುಸ್ತಕ ತೊಡೆಯ ಮೇಲೆ ಬೇಕಾಗುತ್ತಿತ್ತು. ಈ ಕಾದಂಬರಿಗೆ ಬೇಕಿರಲಿಲ್ಲ. ಹನ್ನೊಂದು ಸಲ ಓದಿದ್ದರು, ಬಾಯಿಪಾಠ.

"ಇದೆಯಲ್ಲ ಮಾವ," ಎಂದ ಅಳಿಯ, ಮೊಬೈಲಿನಿಂದ ತಲೆ ಎತ್ತದೆ. "ಹೋದ ವಾರ ತಾನೇ ಓದಿದೆ. ಅಂಗಿ, ಕಾಲರು, ಚೀಟಿ, ಎಲ್ಲಾ ಇದೆ."

"ಎಲ್ಲಿ ಓದಿದ್ರಿ?"

"ಇದರಲ್ಲೇ, ಮೊಬೈಲಲ್ಲಿ."

"ಅದು ಪುಸ್ತಕಾನಾ? ಅದಕ್ಕೆ ಹೊಲಿಗೆ ಇದೆಯಾ, ರಟ್ಟಿದೆಯಾ? ಯಾರು ಏನು ಬೇಕಾದ್ರೂ ಸೇರಿಸಬಹುದು."

ಅಳಿಯ ಹೆಂಡತಿಯ ಮುಖ ನೋಡಿದ. ಅವಳು ಅವನ ಮುಖ ನೋಡಿದಳು. ಆ ನೋಟ ಬೈಂಡರ ಕಣ್ಣು ತಪ್ಪಲಿಲ್ಲ. ಒಂದು ತಿಂಗಳಿಂದ ಈ ಮನೆಯಲ್ಲಿ ಇದೇ ಕಣ್ಣುಕಣ್ಣಿನ ಮಾತು. ಅವರ ಪುಸ್ತಕ ಹೊಲಿಯುವ ಅಂಗಡಿಯಲ್ಲಿ ಅಂಟಿನ ಪಾತ್ರೆ ಒಲೆಯ ಮೇಲೆ ಸೀದು ಕರಕಲಾದ ದಿನದಿಂದ ಶುರುವಾದದ್ದು. ತಾನು ಒಲೆ ಆರಿಸಿದ್ದೆ ಎಂದೇ ಅವರ ನಂಬಿಕೆ, ಯಾರೋ ಹಚ್ಚಿರಬೇಕು. ಅಂದಿನಿಂದ ಮಗಳು ಹಲ್ಲುಜ್ಜುವಾಗ ಬಂದು "ಅಪ್ಪಾ, ಇವತ್ತು ಯಾವ ವಾರ?" ಎನ್ನುವಳು, ತನಗೇ ಗೊತ್ತಿಲ್ಲವೆಂಬಂತೆ. ಅಳಿಯ ಮಧ್ಯಾಹ್ನ ಏನು ಊಟ ಮಾಡಿದಿರಿ ಎಂದು ವಿಚಾರಿಸುವನು, ಬಡಿಸಿದ್ದು ಅವನೇ. ತನ್ನ ಮನೆಯಲ್ಲೇ ತನ್ನ ಮೇಲೆ ಕಾವಲು! ಡಾಕ್ಟರು ಏನೋ ಕಿವಿಯೂದಿದ್ದಾರೆ ಎಂಬುದು ಅವರಿಗೆ ಖಾತ್ರಿಯಾಗಿತ್ತು.

"ಅಪ್ಪಾ, ಬೈಕೋಬೇಡ," ಎಂದಳು ಮಗಳು. "ಅಂಗಡಿ ಬೀಗದ ಕೈ ಇನ್ಮೇಲೆ ನನ್ನ ಹತ್ರ ಇರಲಿ. ನಾನು ತೆಗೆದಾಗ ನೀನೂ ಬಾ. ಒಬ್ಬನೇ ಬೇಡ."

ಅಂತೂ ಹೊರಗೆ ಬಂತು! ನಲವತ್ತು ವರ್ಷ ಬೆಳಗಾದರೆ ಆ ಬಾಗಿಲು ತೆಗೆದ ಕೈ ಇದು.

"ಸರಿ," ಎಂದು ಎದ್ದರು. "ಆ ಅಂಗಿ ನನ್ನ ಪುಸ್ತಕದಲ್ಲಿ ಇದ್ರೆ ಬೀಗದ ಕೈ ನಿಂದು. ಇಲ್ಲದಿದ್ರೆ ಯಾವ ವಾರ, ಏನು ಊಟ, ಯಾರೂ ಬಾಯಿ ಬಿಡಬಾರದು."

ಅಂಗಡಿ ಎರಡು ಬೀದಿ ಆಚೆ. ಭಾನುವಾರದ ಮಧ್ಯಾಹ್ನ ಬೀದಿ ಖಾಲಿ. ಯಾರಾದರೂ ಹಿಂಬಾಲಿಸುತ್ತಿದ್ದಾರಾ ಎಂದು ಎರಡು ಸಲ ತಿರುಗಿ ನೋಡಿದರು. ಬಾಗಿಲು ತೆಗೆದು, ಒಲೆ ಆರಿದೆಯೇ ಎಂದು ಮುಟ್ಟಿ ನೋಡಿ, ಮೇಲಿನ ಹಲಗೆಯಿಂದ ನೀಲಿ ಬಟ್ಟೆಯ ರಟ್ಟಿನ ಪುಸ್ತಕ ಇಳಿಸಿದರು. ಪ್ರೆಸ್ಸಿನಿಂದ ಬಿಡಿ ಫಾರ್ಮುಗಳನ್ನು, ಅಚ್ಚಾಗಿ ಮಡಚಿದ ಹಾಳೆಗಳನ್ನು, ತಂದು ತಮಗೆಂದೇ ಹೊಲಿದುಕೊಂಡದ್ದು.

ಆ ಭಾಗ ತೆರೆದರು. ಗೂಢಚಾರ ರೈಲಿನಿಂದ ಇಳಿದು ಕೋಣೆ ಸೇರಿ ಬಾಗಿಲು ಮುಚ್ಚಿಕೊಂಡ. ಸಾಲಿನ ಕೊನೆಗೆ ಮೂರು ಚುಕ್ಕೆ. ಮುಂದಿನ ಪುಟದಲ್ಲಿ ದ್ರೋಹಿಯ ಎದುರು ಕೂತು ಅವನ ಹೆಸರು ಹೇಳುತ್ತಿದ್ದ. ಅಂಗಿಯೂ ಇಲ್ಲ, ಮುದುಕಿಯೂ ಇಲ್ಲ. ಬೈಂಡರು ಗೆದ್ದ ನಗು ನಕ್ಕರು. ಹೆಸರು ಹೇಗೆ ಗೊತ್ತಾಯಿತೆಂದು ಹೇಳದೆ ಬಿಟ್ಟದ್ದೇ ಲೇಖಕನ ತಾಕತ್ತು ಎಂದು ಮೂವತ್ತು ವರ್ಷದಿಂದ ಬಂದ ಗಿರಾಕಿಗಳಿಗೆಲ್ಲ ಹೇಳಿದ್ದರು. ಸಿನಿಮಾದವರಿಗೆ ಅಷ್ಟು ಧೈರ್ಯ ಎಲ್ಲಿ, ಎಲ್ಲ ಬಿಡಿಸಿ ಹೇಳಬೇಕು.

ಗುರುತಿಗೆ ಚೂರು ಇಡಲೆಂದು ಪುಟದ ಸಂಖ್ಯೆ ನೋಡಿದರು. ಎಡಕ್ಕೆ ನೂರ ಎಪ್ಪತ್ತಾರು. ಬಲಕ್ಕೆ ನೂರ ತೊಂಬತ್ತಮೂರು.

ಕನ್ನಡಕ ಒರೆಸಿ ಮತ್ತೆ ನೋಡಿದರು. ಒಂದೊಂದು ಫಾರ್ಮಿಗೂ ಹದಿನಾರು ಪುಟ. ಮೊದಲ ಪುಟದಡಿ ಅದರ ಅಂಕಿ ಸಣ್ಣದಾಗಿ ಅಚ್ಚಾಗಿರುತ್ತದೆ. ಹನ್ನೊಂದು ಇತ್ತು. ಅದರ ಬೆನ್ನಿಗೆ ಹದಿಮೂರು. ಹನ್ನೆರಡು ಇರಲೇ ಇಲ್ಲ. ಒಂದು ಪುಸ್ತಕವೂ ಕಡಿಮೆ ಹೊಲಿದವನಲ್ಲ ಎಂದು ಎದೆ ತಟ್ಟಿಕೊಂಡವರ ಸ್ವಂತ ಪುಸ್ತಕ!

ಹಿಂದಿನ ರಟ್ಟಿನ ಒಳಗೆ ಪೆನ್ಸಿಲಿನ ದಪ್ಪ ಅಕ್ಷರ: 'ಎಣಿಸಿದೆ. ಎಲ್ಲಾ ಸರಿ ಇದೆ.' ಮಗಳಿಗೆ ಆಗ ಒಂಬತ್ತು. ಅವಳ ಅಮ್ಮ ಆಸ್ಪತ್ರೆಯಲ್ಲಿದ್ದ ಕೊನೆಯ ವಾರ. ಅತ್ತು ಅತ್ತು ಮುಖ ಊದಿಸಿಕೊಂಡ ಕೂಸಿಗೆ ಏನಾದರೂ ಕೆಲಸ ಇರಲೆಂದು ಫಾರ್ಮು ಎಣಿಸಲು ಕೊಟ್ಟಿದ್ದರು. ಹೊಲಿಯುವ ಮುಂಚೆ ಇನ್ನೊಂದು ಕೈ ಎಣಿಸಲೇಬೇಕು, ಅದು ಅಂಗಡಿಯ ಕಟ್ಟಳೆ. ಅವರು ಎಣಿಸಲು ಕೈ ಹಾಕಿದಾಗ ಅವಳು ಪಿಳಿಪಿಳಿ ನೋಡಿದ್ದಳು. "ನೀನು ಎಣಿಸಿದ ಮೇಲೆ ನಾನ್ಯಾಕೆ ಎಣಿಸಲಿ?" ಎಂದು ಸೂಜಿ ಎತ್ತಿಕೊಂಡಿದ್ದರು. ಆ ವಾರವೆಲ್ಲ ಅವಳು ನಕ್ಕದ್ದು ಅದೊಂದೇ ಸಲ.

ಪುಸ್ತಕವನ್ನು ಮನೆಗೆ ಒಯ್ದರೆ ಆಯಿತು, ತನ್ನ ತಲೆ ನೆಟ್ಟಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಅದರ ಜೊತೆ ಆ ಪೆನ್ಸಿಲಿನ ಅಕ್ಷರವೂ ಹೋಗುತ್ತದೆ. ಬೈಂಡರು ಅದನ್ನು ಮೇಲಿನ ಹಲಗೆಯಲ್ಲಿ ಬೇರೆ ಪುಸ್ತಕಗಳ ಹಿಂದೆ ತಳ್ಳಿ ಬೀಗ ಹಾಕಿದರು.

ಮನೆಯಲ್ಲಿ ಸಿನಿಮಾ ಮುಗಿದಿತ್ತು. ಬೀಗದ ಕೈಯನ್ನು ಮಗಳ ಮುಂದಿಟ್ಟರು.

"ಇತ್ತಮ್ಮ. ಅಂಗಿ ಇತ್ತು. ನನಗೇ ಮರೆತಿತ್ತು."

ಅಳಿಯ ಪಾಪ ಎನ್ನುವಂತೆ ತಲೆ ತಗ್ಗಿಸಿದ. ಮಗಳು ಮಾತ್ರ ಕಣ್ಣು ಕಿರಿದು ಮಾಡಿ ಅಪ್ಪನನ್ನೇ ನೋಡಿದಳು. ಹುಟ್ಟಿದಾಗಿನಿಂದ ಈ ಮನುಷ್ಯ ತನಗೆ ಮರೆತಿತ್ತು ಎಂದದ್ದನ್ನು ಅವಳು ಕೇಳಿರಲಿಲ್ಲ.

"ಪುಸ್ತಕ ಎಲ್ಲಪ್ಪಾ?"

"ಅಲ್ಲೇ ಇದೆ. ಅದನ್ಯಾಕೆ ಹೊತ್ತು ತರಲಿ?"

ಅವಳು ಬೀಗದ ಕೈ ಎತ್ತಿಕೊಂಡು, ಚಪ್ಪಲಿ ಮೆಟ್ಟಿ ನಡೆದೇಬಿಟ್ಟಳು. "ಬಿಸಿಲಲ್ಲಿ ಎಲ್ಲಿಗೆ? ನಾಳೆ ಹೋಗು," ಎಂದು ಬೈಂಡರು ಬಾಗಿಲವರೆಗೂ ಬಂದರು. ಅವಳು ತಿರುಗಲಿಲ್ಲ.

ಮುಕ್ಕಾಲು ಗಂಟೆಯಾಯಿತು. ಟಿವಿಯಲ್ಲಿ ಯಾರೋ ಸಾಬೂನು ಮಾರುತ್ತಿದ್ದರು. ಬೈಂಡರು ಕ್ಯಾಲೆಂಡರಿನ ಚೂರುಗಳನ್ನು ಒಂದರ ಮೇಲೊಂದು ಜೋಡಿಸುವುದೂ ಕೆಡವುವುದೂ ಮಾಡುತ್ತಿದ್ದಾಗ ಮಗಳು ಬಂದಳು. ಕೈಗೆಲ್ಲ ಧೂಳು, ಕಂಕುಳಲ್ಲಿ ನೀಲಿ ಪುಸ್ತಕ, ಮೂಗು ಕೆಂಪು.

"ಆವತ್ತು ನೀನು ಇನ್ನೊಂದು ಸಲ ಎಣಿಸಲೇ ಇಲ್ವಾ ಅಪ್ಪಾ?"

ಬೈಂಡರು ಟಿವಿಯಿಂದ ಕಣ್ಣು ಕೀಳಲಿಲ್ಲ. "ನೀನು ಎಣಿಸಿದ ಮೇಲೆ ನಾನ್ಯಾಕೆ ಎಣಿಸಲಿ?"

ಅವಳು ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟು, ನೂರ ಎಪ್ಪತ್ತಾರನೆಯ ಪುಟ ತೆರೆದು, ಹೊಲಿಗೆಗೆ ಒತ್ತಿಕೊಂಡಂತೆ ಬೀಗದ ಕೈ ಇಟ್ಟು ಮುಚ್ಚಿದಳು. ರಟ್ಟು ಪೂರ್ತಿ ಮುಚ್ಚಲಿಲ್ಲ. ನಡುವೆ ಬೆರಳು ತೂರುವಷ್ಟು ಸಂದು ಉಳಿಯಿತು.