ನಾಲ್ಕನೆಯ ಹಾಸಿಗೆ

"ಎಲ್ಲವ್ನೆ ನಮ್ಮಳಿಯ? ಸಿಂಗಾಪುರದ ಸಾವ್ಕಾರ?"

ಅಂಗಡಿಯ ಮೆಟ್ಟಿಲ ಕೆಳಗಿನಿಂದ ಬಂದ ಕೂಗಿಗೆ ಅಮೃತೇಶ ತಲೆ ಎತ್ತಿದ. ಹುಲ್ಲಹಳ್ಳಿಯ ಗಿರಾಕಿಯೊಬ್ಬನಿಗೆ ಪಂಪ್‌ಸೆಟ್ಟಿನ ಪೈಪು ಅಳೆಯುತ್ತಿದ್ದವನ ಕೈಯಲ್ಲಿ ಟೇಪು ಹಾಗೇ ನಿಂತಿತು. ಸೋದರತ್ತೆ ಮಂಗಳಮ್ಮ ಹೆಮ್ಮಿಗೆಯಿಂದ ಹೊರಟು, ತಿ. ನರಸೀಪುರದಲ್ಲಿ ಬಸ್ಸು ಬದಲಾಯಿಸಿ, ನಂಜನಗೂಡಿನಲ್ಲಿ ಇಳಿದು ಬಿಸಿಲಲ್ಲಿ ಸೀದಾ ಅಂಗಡಿಗೇ ನಡೆದು ಬಂದಿದ್ದರು. ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿಹೋಗಿತ್ತು. ಮುಖ ಮಾತ್ರ ಅರಳಿತ್ತು.

"ಬನ್ನಿ ಅತ್ತೆ, ಒಳಗೆ ಬನ್ನಿ. ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ."

"ಫೋನಲ್ಲಿ ಯೋಳೋ ಮಾತೇನ್ಲಾ ಇದು?" ಎನ್ನುತ್ತ ಅವರು ಚೀಲದಿಂದ ಮೊಬೈಲು ತೆಗೆದು ಅವನಿಗಲ್ಲ, ಹುಲ್ಲಹಳ್ಳಿಯ ಗಿರಾಕಿಗೆ ಹಿಡಿದರು. "ನೋಡಪ್ಪ, ವಸಿ ಓದ್ಬುಟ್ಟು ಯೋಳು. ನನ್ನೆಸ್ರೇ ಅಲ್ವಾ? ಪಕ್ಕದ್ಮನೆ ವಿಶಾಲಮ್ಮ ಮಿಸ್ಸು ಎರಡು ಸಲ ಓದುದ್ರೂ ನಂಗೆ ನಂಬ್ಕೆ ಬರ್ನಿಲ್ಲ."

ಪರದೆಯ ಮೇಲೆ ಮಹಡಿಯ ಮೇಲೆ ಮಹಡಿ ಕಟ್ಟಿದಂಥ ಬಿಳಿಯ ಹಡಗು. ಅದರ ಕೆಳಗೆ ಮಂಗಳಮ್ಮನವರಿಗೆ ಇಂಗ್ಲಿಷಿನಲ್ಲಿ ಸ್ವಾಗತ. ಮೇ ತಿಂಗಳಲ್ಲಿ ಸಿಂಗಾಪುರದಿಂದ ಹೊರಡುವ ವಿಹಾರಕ್ಕೆ ನಿಮ್ಮನ್ನೂ ನಿಮ್ಮ ಕುಟುಂಬವನ್ನೂ ಎದುರುನೋಡುತ್ತಿದ್ದೇವೆ ಎಂಬ ಒಕ್ಕಣೆ. ಗಿರಾಕಿ ಓದಿ, "ನಿಮ್ದೇ ಎಸ್ರು ಕಣಮ್ಮ. ಪುಣ್ಯ ಮಾಡಿದ್ರಿ," ಎಂದ.

"ನಾನಲ್ಲ ಕಣಪ್ಪ, ನಮ್ಮಣ್ಣ ಮಾಡಿದ್ದ. ಅದ್ಕೇ ಇಂಥಾ ಮಗ ಉಟ್ಟವ್ನೆ." ಮಂಗಳಮ್ಮ ಅಳಿಯನ ಕಡೆ ತಿರುಗಿದರು. "ಏನ್ಲಾ, ಒಂದ್ ಮಾತು ಯೋಳ್ದೆ ಗುಟ್ಟಾಗಿ ಮಡೀಕಂಡಿದ್ಯಲ್ಲಾ?"

ಆ ಗಳಿಗೆಯಲ್ಲಿ ಅಮೃತೇಶ ನಿಜ ಹೇಳಬಹುದಿತ್ತು. ಒಳಗೆ ಕರೆದು ಕೂರಿಸಿ, ನೀರು ಕೊಟ್ಟು, ಮೆಲ್ಲಗೆ ಹೇಳಬಹುದಿತ್ತು. ಆದರೆ ಬಾಯಿ ತನ್ನಷ್ಟಕ್ಕೆ ತಾನೇ ತೆರೆದು, "ಹೂಂ ಅತ್ತೆ, ಸರ್‌ಪ್ರೈಸ್ ಕೊಡೋಣ ಅಂತ," ಎಂದುಬಿಟ್ಟಿತು.

ನಡೆದದ್ದು ಇಷ್ಟು. ಈ ಹಡಗಿನ ವಿಹಾರಕ್ಕೆ ಮೈಸೂರಿನ ಟ್ರಾವೆಲ್ಸಿನವನು ಹೇಳಿದ ದರ ಅಮೃತೇಶನಿಗೆ ಎಟುಕುವಂತಿರಲಿಲ್ಲ. ಹಾಗಂತ ಸುಮ್ಮನಿರುವ ಕುಳವಲ್ಲ ಅವನು. ಒಂದು ಬೋಲ್ಟನ್ನೂ ನಾಲ್ಕು ಕಡೆ ವಿಚಾರಿಸದೆ ಕೊಂಡವನಲ್ಲ. ಹುಡುಕಿ ಹುಡುಕಿ ಯಾವುದೋ ಪರದೇಶದ ವೆಬ್‌ಸೈಟು ಹಿಡಿದ. ಅದೇ ಹಡಗು, ಅದೇ ದಿನ, ದರ ಮಾತ್ರ ಎಷ್ಟೋ ಕಡಿಮೆ. ಅದರಲ್ಲೂ ಒಂದು ಕೋಣೆಗೆ ನಾಲ್ವರಿದ್ದು, ಅವರಲ್ಲಿ ಒಬ್ಬರು ಅರವತ್ತು ದಾಟಿದವರಾದರೆ ಇಡೀ ಕೋಣೆಗೆ ಇನ್ನಷ್ಟು ರಿಯಾಯಿತಿ. ಅವನು, ಹೆಂಡತಿ ರಮ್ಯ, ಮಗಳು ಗಾನವಿ ಸೇರಿದರೆ ಮೂವರೇ. ಆದರೆ ಅವನ ಫೋನಿನಲ್ಲಿ ಅತ್ತೆಯ ಪಾಸ್‌ಪೋರ್ಟಿನ ಫೋಟೊ ಇತ್ತು. ನಾಲ್ಕನೆಯ ಹೆಸರು ತುಂಬಿದ. ಹತ್ತುವ ದಿನ ಅವರಿಗೆ ಹುಷಾರಿಲ್ಲ ಎಂದರಾಯಿತು, ಬಾರದವರನ್ನು ಯಾರು ಕೇಳುತ್ತಾರೆ ಎಂದುಕೊಂಡ. ಕೋಣೆಯ ಹಿರಿಯರ ಮೊಬೈಲ್ ನಂಬರು ಹಾಕದೆ ಅದು ಮುಂದಕ್ಕೆ ಹೋಗಲಿಲ್ಲ. ಹಾಕಿದ. ವೆಬ್‌ಸೈಟಿನವರು ಆ ನಂಬರಿಗೆ ಪ್ರೀತಿಯಿಂದ ಹಡಗಿನ ಚಿತ್ರ ಕಳಿಸಿಯಾರು ಎಂದು ಅವನಿಗೆ ಹೊಳೆಯಲಿಲ್ಲ.

ಆ ಪಾಸ್‌ಪೋರ್ಟಿನ ಕಥೆ ಬೇರೆ. ಕೆಲವು ವರ್ಷಗಳ ಹಿಂದೆ ಮಠದ ಭಕ್ತರೊಂದಿಷ್ಟು ಜನ ಬಸವ ಜಯಂತಿಗೆಂದು ಸಿಂಗಾಪುರಕ್ಕೆ ಹೊರಟಿದ್ದರು. ಮಂಗಳಮ್ಮನೂ ಹೆಸರು ಕೊಟ್ಟಿದ್ದರು. ಅರ್ಜಿ ತುಂಬಿಸಿದವನು ಅಮೃತೇಶನೇ. ಹೊರಡುವುದು ಹತ್ತಿರ ಬಂದಾಗ ಅವನ ಅಪ್ಪ ಕಲ್ಲಯ್ಯನವರಿಗೆ ಲಕ್ವ ಹೊಡೆಯಿತು. ಮಂಗಳಮ್ಮ ಪ್ರಯಾಣ ಬಿಟ್ಟು ನಂಜನಗೂಡಿಗೆ ಬಂದು, ಅಣ್ಣನಿಗೆ ಗಂಜಿ ಕುಡಿಸುತ್ತ, ಬಟ್ಟೆ ಬದಲಿಸುತ್ತ ಕೊನೆಯವರೆಗೂ ಉಳಿದರು. ಪಾಸ್‌ಪೋರ್ಟಿನ ಹಾಳೆಗಳು ಖಾಲಿಯಾಗೇ ಉಳಿದವು. ಅಮೃತೇಶನನ್ನು ಈಗ ಚುಚ್ಚುತ್ತಿದ್ದದ್ದು ಸುಳ್ಳು ಹೇಳಿದೆನಲ್ಲ ಎಂಬುದಲ್ಲ. ಅತ್ತೆಯ ಹೆಸರು, ವಯಸ್ಸು, ಹುಟ್ಟಿದ ದಿನ ಎಲ್ಲವನ್ನೂ ಒಂದೊಂದಾಗಿ ತುಂಬುವಾಗಲೂ ಅವರನ್ನು ಕರೆದುಕೊಂಡು ಹೋಗಬಹುದಲ್ಲ ಎಂಬ ಯೋಚನೆಯೇ ತನಗೆ ಬರಲಿಲ್ಲವಲ್ಲ, ಅದು.

ಸಂಜೆ ಅಮೃತೇಶ ರಮ್ಯಳಿಗೆ ಎಲ್ಲವನ್ನೂ ಹೇಳಿದ. ಈ ಕರಾಮತ್ತು ಅವಳಿಗೂ ಗೊತ್ತಿರಲಿಲ್ಲ.

"ನಿಮಗೆ ನಾಚಿಕೆ ಆಗಲ್ವೇನ್ರೀ?" ಎಂದಳು. "ಮಾವನವರು ಮಲಗಿದ್ದಾಗ ನಾನು ಮೂಗು ಮುಚ್ಕೊಂಡು ಆಚೆ ಹೋಗ್ತಿದ್ದೆ. ಅವರು ಹೋಗ್ಲಿಲ್ಲ. ಹೋಗಿ ಅವರ ವೀಸಾಗೆ ಕೊಡಿ, ವಿಮಾನದ ಟಿಕೆಟ್ಟೂ ಮಾಡಿಸಿ. ನಿಜವಾಗ್ಲೂ ಕರ್ಕೊಂಡೇ ಹೋಗೋಣ."

ಅಮೃತೇಶನಿಗೆ ತಲೆಯ ಮೇಲಿನ ಮೂಟೆ ಇಳಿಸಿದ ಹಾಗಾಯಿತು. ಸುಳ್ಳನ್ನು ನಿಜ ಮಾಡಿಬಿಟ್ಟರೆ ಅದು ಸುಳ್ಳು ಹೇಗಾದೀತು? ಉಳಿಸಿದ್ದಕ್ಕಿಂತ ಹೆಚ್ಚೇ ಖರ್ಚಾಗುತ್ತದೆ, ಆಗಲಿ. ಮರುದಿನವೇ ಅಂಗಡಿ ಬಾಗಿಲೆಳೆದು ಬೈಕು ಹತ್ತಿ ಹೆಮ್ಮಿಗೆಗೆ ಹೊರಟ.

ಅತ್ತೆಯ ಮನೆಯ ಜಗಲಿಯಲ್ಲಿ ಹೆಂಗಸರು ತುಂಬಿದ್ದರು. ನಡುಮನೆಯಲ್ಲಿ ಹೊಚ್ಚಹೊಸ ಚಕ್ರದ ಪೆಟ್ಟಿಗೆ. ಅತ್ತೆಯ ಮಗ ಬಸವಪ್ರಸಾದ್ ಕಬ್ಬಿನ ಕೆಲಸ ಬಿಟ್ಟು ನರಸೀಪುರಕ್ಕೆ ಹೋಗಿ ತಂದದ್ದಂತೆ. ಒಬ್ಬೊಬ್ಬರೂ ಮಂಗಳಮ್ಮನ ಕೈಗೆ ಚಿಕ್ಕ ಕಾಗದದ ಪೊಟ್ಟಣ ಕೊಡುತ್ತಿದ್ದರು. ಅರಿಶಿನ, ಕುಂಕುಮ, ಒಂದೆರಡು ಅಕ್ಕಿಕಾಳು.

"ನಮ್ಮೂರ್ ಮುಂದ್ಲ ಕಾವೇರಮ್ಮ ಓಗಿ ಸೇರೋದು ಸಮುದ್ರಕ್ಕೇ ಅಲ್ವಾ," ಎಂದಳು ಚಿಕ್ಕಮಾದಮ್ಮ. "ನಮ್ಮೆಸ್ರೇಳಿ ಅಲ್ಲೇ ಬುಟ್ಬುಡವ್ವ. ನಮ್ಗಂತೂ ಓಗಕ್ಕಾಗಕಿಲ್ಲ."

"ಅಡಗಲ್ಲಿ ಏನೇನದೆ ಅಂತ ಎಲ್ಲಾನೂವೆ ನೋಡ್ಕಬಂದು ಯೋಳ್ಬೇಕು," ಎಂದಳು ಸಾಕಮ್ಮ. "ಒಂದ್ನೂ ಬುಡಂಗಿಲ್ಲ."

ಅವರೆಲ್ಲ ಹೋದ ಮೇಲೆ ಮಂಗಳಮ್ಮ ದೇವರ ಮನೆಯಿಂದ ಪಾಸ್‌ಪೋರ್ಟು ತಂದರು. ಅದಕ್ಕೂ ಮೂರು ಬೆರಳು ವಿಭೂತಿ ಎಳೆದಿದ್ದರು.

"ಇಮಾನದಲ್ಲಿ ಗಾನವಿ ಪಕ್ದಲ್ಲೇ ಕೂರ್ತೀನಿ ಕಣ್ಲಾ. ನಂಗೆ ದಿಗ್ಲು."

"ಅದನ್ನೇ ಈಗ ಮಾಡಿಸ್ಬೇಕು ಅತ್ತೆ. ಇದನ್ನ ಕೊಡಿ, ನಿಮ್ಮ ಟಿಕೆಟ್ಟು, ವೀಸಾ ಎರಡೂ ಮಾಡಿಸ್ತೀನಿ."

"ಈಗ ಮಾಡುಸ್ತೀಯಾ?" ಅವರ ಕೈ ಪಾಸ್‌ಪೋರ್ಟಿನ ಮೇಲೇ ಇತ್ತು. "ನಿಮ್ದು?"

"ನಮ್ಮ ಟಿಕೆಟ್ಟು... ಶಿವರಾತ್ರಿ ಹೊತ್ತಿಗೇ ಆಯ್ತು."

"ಅಡಗಿಗೆ ನನ್ನೆಸ್ರು ಬರ್ಸಿದ್ದು ಯಾವಾಗ?"

"ಆವಾಗ್ಲೇ."

ಮಂಗಳಮ್ಮ ಅವನ ಮುಖವನ್ನೇ ನೋಡಿದರು. "ಅಡಗಿಗೆ ನಾನು ಬೇಕಾಗಿ, ಇಮಾನಕ್ಕೆ ಬ್ಯಾಡ್ವಾಗಿದ್ದು ಎಂಗ್ಲಾ?"

ಅಮೃತೇಶ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದ. ರಿಯಾಯಿತಿ, ಅರವತ್ತು ದಾಟಿದವರ ಲೆಕ್ಕ, ಹುಷಾರಿಲ್ಲ ಎನ್ನಬೇಕೆಂದಿದ್ದದ್ದು. ತಾನು ಹೇಳುತ್ತಿರುವುದು ತನಗೇ ಬೇರೆ ಯಾರದೋ ಕಳ್ಳತನದ ವಿಚಾರದಂತೆ ಕೇಳಿಸಿತು. ಅತ್ತೆ ಬಯ್ಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

"ಈಗ ಬನ್ನಿ ಅತ್ತೆ. ರಮ್ಯಾನೂ ಹೇಳಿದಾಳೆ. ನಿಮ್ಮ ಕಾಲಿಗೆ ಬೀಳ್ತೀನಿ."

"ಕರುದಿದ್ರೆ ಕುಣ್ಕಂಡ್ ಬತ್ತಿದ್ದೆ ಕಣಪ್ಪ. ಸಿಕ್ಕಾಕಂಡ್ಮೇಲೆ ಕರುದ್ರೆ ಎಂಗೆ ಬರ್ಲಿ?" ಎಂದು ಅವರು ಪಾಸ್‌ಪೋರ್ಟನ್ನು ಮಡಿಲಿಗೆ ಸರಿಸಿಕೊಂಡರು.

"ಹಾಗಾದ್ರೆ ನಾವೂ ಹೋಗಲ್ಲ."

"ಮಗಾ ಆಸೆ ಮಡೀಕಂಡದೆ. ಓಗ್ಬನ್ನಿ." ಅವರ ದನಿ ತಗ್ಗಿತು. "ಬಸವಪ್ರಸಾದ ಊರ್ ತುಂಬ ಯೋಳ್ಕಂಡ್ ಬಂದವ್ನೆ. ಇದ್ ಗೊತ್ತಾದ್ರೆ ಅವ್ನು ನಿನ್ ಮನೆ ವಸ್ಲು ತುಳಿಯಕಿಲ್ಲ. ನಾನಿರೋಗಂಟ ನೀವಿಬ್ರೂ ನೆಟ್ಗಿರ್ಬೇಕು. ನಿಮ್ ಜೊತೇಲೇ ಪೆಟ್ಗೆ ಎತ್ಕಂಡು ಒಲ್ಟು ನಂಜನಗೂಡಿಗೆ ಬತ್ತೀನಿ. ನೀವು ಬರೋಗಂಟ ನಿನ್ ಮನೇಲೇ ಇರ್ತೀನಿ. ಊರವ್ರ ಪಾಲ್ಗೆ ನಾನು ಅಡಗಲ್ಲಿವ್ನಿ."

ಅಮೃತೇಶನಿಗೆ ಅಳು ಬಂತು. ಅತ್ತೆ ಎದ್ದು ಅವನಿಗೆ ಕಾಫಿ ಕಾಯಿಸಲು ಹೋದರು.

ಹೊರಡುವ ದಿನ ಊರವರು ಆರತಿ ಎತ್ತಿ ಕಳಿಸಿದರು. ಬಸವಪ್ರಸಾದ್ ಅಮೃತೇಶನ ಎರಡೂ ಕೈ ಹಿಡಿದುಕೊಂಡು, "ನಾನು ಮಗನಾಗಿ ಮಾಡಕ್ಕಾಗ್ನಿಲ್ಲ ಕಣೋ, ನೀನು ಮಾಡ್ದೆ," ಎಂದ. ಕಾರು ನಂಜನಗೂಡು ಮುಟ್ಟಿತು. ಪೊಟ್ಟಣಗಳ ಚೀಲವನ್ನು ಮಂಗಳಮ್ಮ ಅಮೃತೇಶನಿಗೆ ಕೊಡದೆ ರಮ್ಯಳ ಕೈಗೆ ಕೊಟ್ಟರು.

ಹಡಗಿನಲ್ಲಿ ಅವರ ಕೋಣೆಯಲ್ಲಿ ನಾಲ್ಕು ಹಾಸಿಗೆಗಳಿದ್ದವು. ಒಬ್ಬರಿಗೆ ಹುಷಾರಿಲ್ಲ, ಬರಲಿಲ್ಲ ಎಂದು ಅಮೃತೇಶ ಹತ್ತುವಾಗಲೇ ಹೇಳಿದ್ದ. ಅಯ್ಯೋ, ಬೇಗ ಗುಣವಾಗಲಿ ಎಂದು ಅಲ್ಲಿದ್ದ ಹುಡುಗಿ ಹಾರೈಸಿದ್ದಳು. ಆದರೂ ಕೋಣೆ ಗುಡಿಸುವವನು ದಿನಾ ನಾಲ್ಕೂ ಹಾಸಿಗೆಗಳನ್ನು ಹಾಸಿ, ನಾಲ್ಕರ ಮೇಲೂ ಟವೆಲಿನಲ್ಲಿ ಆನೆ ಮಾಡಿ ಕೂರಿಸುತ್ತಿದ್ದ. ನಾಲ್ಕನೆಯ ಆನೆಯನ್ನು ಗಾನವಿ ಮುಟ್ಟಲಿಲ್ಲ. ನಡುವೆ ಹಡಗು ನಿಂತ ಫುಕೆಟ್ ದ್ವೀಪದ ದಡದಲ್ಲಿ ರಮ್ಯ ಮೊಣಕಾಲು ಮುಳುಗುವಷ್ಟು ನೀರಿಗಿಳಿದು, ಒಂದೊಂದೇ ಪೊಟ್ಟಣ ಬಿಚ್ಚಿ, ಹೆಸರು ಹೇಳಿ ಹೇಳಿ ಸಮುದ್ರಕ್ಕೆ ಬಿಟ್ಟಳು. ಅಮೃತೇಶ ಸಹಾಯಕ್ಕೆಂದು ಕೈ ಚಾಚಿದರೆ ಚೀಲವನ್ನು ಆಚೆಗೆ ಸರಿಸಿದಳು.

ವಾಪಸು ಬರುವ ದಾರಿಯಲ್ಲಿ, ಸಂಜೆ, ಅವನು ಹಡಗಿನ ದುಬಾರಿ ವೈಫೈ ಹಾಕಿಸಿಕೊಂಡು ಮೇಲಿನ ಅಂತಸ್ತಿನಿಂದ ಮನೆಗೆ ವಿಡಿಯೊ ಕರೆ ಮಾಡಿದ. ಮಂಗಳಮ್ಮ ಒಳಕೋಣೆಯಲ್ಲಿ ನೆಲದ ಮೇಲೆ ಕೂತಿದ್ದರು. ಹಿಂದೆ ಮುಚ್ಚಿದ ಕಿಟಕಿ. ದೀಪ ಹಾಕಿರಲಿಲ್ಲ.

"ಯಾಕತ್ತೆ ಕತ್ತಲಲ್ಲಿ?"

"ಸ್ವಾಮ್ವಾರ ಅಲ್ವಾ. ಹೆಮ್ಮಿಗೆಯವ್ರು ನಂಜನಗೂಡು ದೇವ್ರಿಗ್ ಬಂದಿರ್ತಾರೆ. ನನ್ನ ಕಂಡ್ಬುಟ್ಟಾರು." ಪಿಸುಮಾತು. "ಪೊಟ್ಣ ಬುಟ್ರಾ?"

"ರಮ್ಯ ಬಿಟ್ಟಳು. ಎಲ್ಲರ ಹೆಸರೂ ಹೇಳಿದಳು."

"ಸರಿ. ನೀರು ಯಾವ ಬಣ್ಣ ಅದೆ, ಯೋಳು."

"ನೀಲಿ, ಅತ್ತೆ."

"ಬರೀ ನೀಲಿ ಅಂದ್ರೆ ಸಾಕಮ್ಮ ಬುಟ್ಟಾಳಾ? ಕೆದ್ಕಿ ಕೆದ್ಕಿ ಕೇಳ್ತಾಳೆ. ಸರ್ಯಾಗಿ ನೋಡ್ಬುಟ್ಟು ಯೋಳಪ್ಪ."

ಅಮೃತೇಶ ಕಂಬಿ ಹಿಡಿದು ನೋಡಿದ. ಹಡಗು ಹತ್ತಿದ ಮೇಲೆ ಸಮುದ್ರವನ್ನು ಅವನು ಸರಿಯಾಗಿ ನೋಡಿದ್ದು ಅದೇ ಮೊದಲು. ಹಡಗಿನ ಪಕ್ಕದಲ್ಲಿ ಹಸಿರು ಎಂದ. ದೂರ ಹೋದಂತೆ ಕಪ್ಪು, ಸೂರ್ಯ ಇಳಿಯುವ ಕಡೆ ಮಾತ್ರ ಹಿತ್ತಾಳೆ ತಪ್ಪಲೆ ಬೆಳಗಿದ ಹಾಗೆ. ದಡ ಯಾವ ದಿಕ್ಕಿಗೂ ಕಾಣುವುದಿಲ್ಲ. ನಿಂತರೆ ಕಾಲ ಕೆಳಗೆ ಸಣ್ಣಗೆ ನಡುಕ. ಮಂಗಳಮ್ಮ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತ, ಬಾಯಿಪಾಠ ಮಾಡುವ ಮಕ್ಕಳಂತೆ ತುಟಿಯಲ್ಲೇ ಹೇಳಿಕೊಂಡರು. ಪಕ್ಕದಾಗೆ ಅಸುರು. ದೂರ ಕಪ್ಗೆ. ಕಾಲ್ ಕೆಳ್ಗೆ ನಡುಕ.

ಅಷ್ಟರಲ್ಲಿ ಅಲ್ಲಿ ಮನೆಯ ಬೆಲ್ಲು ಹೊಡೆಯಿತು. "ಅಮೃತೇಶಪ್ಪಾರೇ! ಯಾರಿದ್ದೀರಾ?" ಎಂದು ಯಾರೋ ಕೂಗಿದರು. ಮಂಗಳಮ್ಮ ತುಟಿಯ ಮೇಲೆ ಬೆರಳಿಟ್ಟು ಅವನಿಗೆ ಸನ್ನೆ ಮಾಡಿ, ಫೋನಿನ ಬೆಳಕು ಕಾಣದಂತೆ ಸೆರಗು ಮುಚ್ಚಿದರು. ಪರದೆ ಕಪ್ಪಾಯಿತು. ಬೆಲ್ಲು ಇನ್ನೊಮ್ಮೆ ಹೊಡೆಯಿತು. ನಡುಸಮುದ್ರದಲ್ಲಿ ಅಮೃತೇಶನೂ ಉಸಿರು ಬಿಗಿಹಿಡಿದು, ಅಲುಗಾಡದೆ ನಿಂತ.