ಗಂಗಕ್ಕನ ಕಾರ್ಡು

“ಡಾಕ್ಟ್ರ ಮುಂದೆ ಸೀನ್‌ಬ್ಯಾಡ ಮುಂಡೆ! ಮೂಗಿಗೆ ಸೆರಗು ತುರುಕ್ಕ!”

ಮಡಕಶಿರದ ರೇಷ್ಮೆ ನೂಲಿನ ಶೆಡ್ಡಿನಲ್ಲಿ ಮಾಲೀಕ ರಂಗನಾಥ್ ಇವತ್ತು ಬೆಳಿಗ್ಗೆ ಹೀಗೆ ಬಯ್ದಾಗ ಗಂಗಕ್ಕ ಕುದಿನೀರಿನಲ್ಲಿ ಗೂಡು ತಿರುವುತ್ತಿದ್ದಳು. ನಾನು ಲೆಕ್ಕ ಬರೆಯುವ ಕುರ್ಚಿಯ ಮೇಲಿದ್ದೆ. ಆ ಕುರ್ಚಿಗೆ ಆಸೆಪಟ್ಟೇ ನಾನು ಕೆಟ್ಟಿದ್ದು.

ಹೂವಿನ ಕಾಲದ ಸೀನಿಗೆ ಹೊಸ ಇಂಜೆಕ್ಷನ್ ಬಂದಿತ್ತು, ಪರೀಕ್ಷೆಗೆ ಆ ಕಾಲದಲ್ಲಿ ಮಾತ್ರ ಸೀನುವ ಜನ ಬೇಕಿತ್ತು. ಹುಳದ ಧೂಳಿಗೆ ವರ್ಷವಿಡೀ ಸೀನುವ ನಮ್ಮ ಕಾಲೊನಿಯ ಎಂಟು ಹೆಂಗಸರಿಗೆ, ತಲೆಗಿಷ್ಟು ಕಮಿಷನ್ನಿನ ಆಸೆಗೆ ರಂಗನಾಥ್, “ಕಾಂಗ್ರೆಸ್ ಗಿಡ ಹೂ ಬಿಟ್ಟಾಗ ಮಾತ್ರ ಬತ್ತದೆ ಅನ್ನಿ” ಎಂದು ಹೇಳಿಕೊಟ್ಟ. ಅವರಾರಿಗೂ ಓದು ಬಾರದು. ಇಂಜೆಕ್ಷನ್ನಿನಿಂದ ಏನಾದರೂ ತೊಂದರೆ ಆಯಿತೇ ಎಂದು ಕೇಳಿ ದಿನಾ ಸಂಜೆ ಎಂಟು ಕಾರ್ಡಿಗೂ ಟಿಕ್ ಹಾಕುವುದು ಹತ್ತನೇ ಕ್ಲಾಸು ಓದಿದ ನನ್ನ ಕೆಲಸ.

“ತೊಂದ್ರೆ ಅಂತ ಬರೆದ್ಯೋ, ಮತ್ತೆ ಕುದಿನೀರಿಗೆ ಕೈ ಹಾಕ್ತೀಯ ಹೇಮಾ,” ಎಂದಿದ್ದ. ನನ್ನ ಬೆರಳ ಬೊಬ್ಬೆಗಳು ಆಗಷ್ಟೇ ಮಾಯುತ್ತಿದ್ದವು.

ಮೊದಲ ಇಂಜೆಕ್ಷನ್ನಿನ ದಿನವೇ ಗಂಗಕ್ಕ ಏದುಸಿರು ಬಿಡುತ್ತಾ ಬಂದಳು.

“ಉಸ್ರು ಕಟ್ತೈತೆ ಕಣಮ್ಮಿ. ನಾಲ್ಗೆ ದಪ್ಪಾಗೈತೆ, ಮೈಯೆಲ್ಲ ದದ್ದು. ಬರ್ಕಂಡ್ಯಾ? ಓದು.”

ಉಸಿರು, ನಾಲಿಗೆ, ದದ್ದು ಎಲ್ಲವನ್ನೂ ಬಿಡದೆ ಓದಿದೆ. ಕಾರ್ಡಿನಲ್ಲಿ ಮಾತ್ರ ಎಲ್ಲದಕ್ಕೂ ‘ಇಲ್ಲ’ ಎಂದು ಟಿಕ್ ಹಾಕಿದ್ದೆ. ಆಮೇಲೂ ದಿನಾ ಹಾಗೇ ಮಾಡಿದೆ. ನನ್ನಂಥ ಪಾಪಿ ಇನ್ನೊಬ್ಬಳಿರಲಾರಳು.

ಇವತ್ತು ಎರಡನೇ ಇಂಜೆಕ್ಷನ್. ಹೈದರಾಬಾದಿನ ಡಾಕ್ಟರು ಗಂಗಕ್ಕನ ಕಾರ್ಡು ನೋಡಿ, “ಏಮೀ ಲೇದು, ಬಾಗುಂದಿ,” ಎಂದರು. ಏನೂ ತೊಂದರೆ ಇಲ್ಲವಂತೆ. ಸಿರಿಂಜು ಎತ್ತಿಕೊಂಡರು.

“ನಾಲ್ಗೇದು ಓದಿದ್ರಾ ಸಾರ್? ನಮ್ಮ ಹೇಮಾ ಬರ್ದವ್ಳೆ.”

“ಬಾಯ್ ಮುಚ್ಕಂಡ್ ತೋಳು ಕೊಡೇ ಮುಂಡೆ!” ರಂಗನಾಥ್ ಗದರಿದ.

“ಚುಚ್‌ಬ್ಯಾಡಿ!” ಕೂಗಿದವಳು ನಾನೇ. “ಆ ಕಾರ್ಡು ಸುಳ್ಳು. ಎಂಟೂ ಸುಳ್ಳು. ಬರ್ದೋಳು ನಾನು.”

“ಬೋಸುಡಿ!” ಎಂದು ರಂಗನಾಥ್ ನನ್ನ ಕೆನ್ನೆಗೆ ಬಾರಿಸಿದ. ಅದರ ಉರಿ ಗೊತ್ತೇ ಆಗಲಿಲ್ಲ. ಮೇಜಿನ ಮೇಲಿನ ಕಾರ್ಡು, ಪೆನ್ನು ಎಳೆದುಕೊಂಡೆ. “ಗಂಗಕ್ಕ, ಈಗ ಸರ್ಯಾಗ್ ಬರೀತೀನಿ.”

ಗಂಗಕ್ಕ ಎರಡನ್ನೂ ನನ್ನ ಕೈಯಿಂದ ಕಿತ್ತುಕೊಂಡಳು.

“ದಿನಾ ಓದಿ ಹೇಳ್ತಿದ್ಯಲ್ಲೇ…”

ಅಷ್ಟೇ ಅಂದಳು. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಡ್ಡ ಬಂದ ರಂಗನಾಥನನ್ನು ತಳ್ಳಿ ಅವಳು ಡಾಕ್ಟರ ಎದುರು ನಿಂತಳು. ಉಳಿದ ಏಳು ಹೆಂಗಸರೂ ಕೆಲಸ ಬಿಟ್ಟು ಬಂದು ಅವಳ ಹಿಂದೆ ನಿಂತರು. ಗಂಗಕ್ಕ ಪೆನ್ನನ್ನು ಡಾಕ್ಟರ ಮುಂದೆ ಚಾಚಿದಳು.

“ಸೂಜಿ ಕೆಳಗಿಕ್ಕಿ ಸಾರ್. ನಾನೇ ಬಾಯಲ್ಲಿ ಹೇಳ್ತೀನಿ, ನೀವು ಬರೀರಿ. ಬರ್ದಿದ್ದನ್ನ ಬಸ್‌ಸ್ಟ್ಯಾಂಡಾಗೆ ಗುರ್ತಿಲ್ದೋರ ಕೈಲಾದ್ರೂ ಓದಿಸ್ಕಂತೀನಿ. ಇವಳ ಕೈಲಿ ಬ್ಯಾಡ.”