ಅಲಸಂದೆ ತಿನ್ನುವವನೇ

ಹಜ್ ಯಾತ್ರೆ ಮುಗಿಸಿ ಕುಲಿಕೊರೊ ಪಟ್ಟಣಕ್ಕೆ ಮರಳಿದ ಮೇಲೆ ನೇಕಾರ ಸಿನಾಲಿ ಕುಲಿಬಾಲಿಗೆ ಎಲ್ಲೆಲ್ಲೂ ಮರ್ಯಾದೆಯೇ ಮರ್ಯಾದೆ. ಬೀದಿಗಿಳಿದರೆ ಹುಡುಗರು ಬೈಕು ನಿಲ್ಲಿಸಿ ದಾರಿ ಬಿಡುತ್ತಿದ್ದರು. ಮಸೀದಿಯಲ್ಲಿ ಮುಂದಿನ ಸಾಲು. ಆದರೂ ಮನುಷ್ಯ ಒಳಗೊಳಗೇ ಸೊರಗುತ್ತಿದ್ದ. ಕಾರಣ ಬಾಯಿಬಿಟ್ಟು ಹೇಳುವಂಥದ್ದಲ್ಲ. ಅವನನ್ನು ಯಾರೂ ಬೈಯುತ್ತಿರಲಿಲ್ಲ.

ಕುಲಿಬಾಲಿಗಳನ್ನು ಕಂಡರೆ ತ್ರಾವೊರೆ ಮನೆತನದವರು 'ಅಲಸಂದೆ ತಿನ್ನುವವನೇ' ಎಂದು ಹೀಯಾಳಿಸಬೇಕು, ಕುಲಿಬಾಲಿಗಳು ತಿರುಗಿ ಅದನ್ನೇ ಅನ್ನಬೇಕು. ಅಜ್ಜ ಮುತ್ತಜ್ಜರ ಕಾಲದ ತಮಾಷೆಯ ನಂಟು ಅದು. ಕೋಪ ಮಾಡಿಕೊಂಡವನು ಮನುಷ್ಯನೇ ಅಲ್ಲ. ಸಿನಾಲಿಯ ಮಗ್ಗದ ಎದುರಿಗೇ ಕೂತು ಅಲಸಂದೆ ವಡೆ ಕರಿಯುವ ದೂಸು ತ್ರಾವೊರೆ ಈ ಹೀಯಾಳಿಕೆಯನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಅವನ ಹೆಂಡತಿ ತೀರಿಕೊಂಡ ದಿನವೂ ಬಂದು, "ನಿನ್ನ ಹೊಟ್ಟೆ ಗುಡುಗು ತಾಳಲಾರ್ದೆ ಓಡಿಹೋದ್ಲು ನೋಡು" ಎಂದು ಹೆಣದ ಮುಂದೆಯೇ ಅಂದು, ಅವನನ್ನು ನಗಿಸಿ, ಆಮೇಲೆ ಅವನಿಗಿಂತ ಹೆಚ್ಚು ಅತ್ತಿದ್ದಳು.

ಅವನು ಮೆಕ್ಕಾದಿಂದ ಬಂದ ದಿನ ಅವಳು ಬಾಗಿಲಲ್ಲೇ ಬೈಗುಳ ಶುರುಮಾಡಿದಳು. ಸಿನಾಲಿಯ ಮಗ ತಡೆದ. "ಹಾಜಿಗಳಿಗೆ ಹಾಗೆಲ್ಲ ಅನ್ನಬಾರ್ದು ಅತ್ತೆ." ಸಿನಾಲಿ ಬಿಳಿ ನಿಲುವಂಗಿಯ ಹೊಸ ಠೀವಿಯಲ್ಲಿ ಸುಮ್ಮನಿದ್ದ. ಆ ಸುಮ್ಮನಿದ್ದದ್ದೇ ತಪ್ಪಾಯಿತು. ಅಂದಿನಿಂದ ದೂಸು ತಲೆ ತಗ್ಗಿಸಿ "ಹೇಗಿದ್ದೀರಿ ಹಾಜಿಗಳೇ" ಅನ್ನುತ್ತಿದ್ದಳು. ಆ ಬಹುವಚನ ಅವನಿಗೆ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಚುಚ್ಚುತ್ತಿತ್ತು.

ಒಂದು ಮಧ್ಯಾಹ್ನ ನಮಾಜು ಮುಗಿದರೂ ಅವನು ಏಳಲಿಲ್ಲ. ದೇವರ ಹತ್ತಿರ ಕ್ಷಮೆ ಕೇಳಿದ್ದಾಗಿತ್ತು, ಮಳೆ ಕೇಳಿದ್ದಾಗಿತ್ತು, ಮೊಮ್ಮಕ್ಕಳಿಗೆ ಆಯುಸ್ಸು ಕೇಳಿದ್ದಾಗಿತ್ತು. 'ನನ್ನನ್ನು ಯಾರಾದರೂ ನೋಡಲಿ' ಎಂದು ಕೇಳಲು ಮಾತ್ರ ನಾಚಿಕೆ. ಹಸುಗೂಸು ಕಿರುಚಿ ಕೇಳುವುದನ್ನು ಮುದುಕ ಪಿಸುಗುಟ್ಟಿಯೂ ಕೇಳಲಾರ. ಆದರೆ ಹಸಿವು ಇಬ್ಬರದೂ ಒಂದೇ ಅಲ್ಲವೇ? ಆ ಹಸಿವನ್ನು ಒಳಗಿಟ್ಟು ಕಳಿಸಿದವನೂ ಆ ದೇವರೇ ತಾನೆ? ಕೊನೆಗೂ ಕೇಳಿಯೇಬಿಟ್ಟ. ಕೇಳುವಾಗ ಕಣ್ಣು ತುಂಬಿ ಬಂತು.

ಮಸೀದಿಯಿಂದ ನೆಟ್ಟಗೆ ದೂಸುವಿನ ಬಾಣಲೆಯ ಮುಂದೆ ಹೋಗಿ ನಿಂತ.

"ಬನ್ನಿ ಹಾಜಿಗಳೇ. ಮನೆಗೇ ಕಳಿಸ್ತಿದ್ನಲ್ಲ, ಈ ಬಿಸಿಲಲ್ಲಿ ನೀವ್ಯಾಕೆ ಬರೋಕೆ ಹೋದ್ರಿ?"

ಅವನು ಕೇಳದೆಯೇ ಬುಟ್ಟಿಗೆ ಕೈಹಾಕಿ ಬಿಸಿ ವಡೆ ಒಂದನ್ನು ಬಾಯಿಗೆ, ಇನ್ನೊಂದನ್ನು ಜೇಬಿಗೆ ಸೇರಿಸಿದ. ಬಟ್ಟೆಗೆ ಎಣ್ಣೆ ಹತ್ತಿತು. ವಡೆಗೆ ಕಾದು ನಿಂತವರು ಮುಖ ಮುಖ ನೋಡಿಕೊಂಡರು.

"ಉಪ್ಪೇ ಇಲ್ಲ," ಎಂದ. "ಬರೀ ತಿನ್ನೋದು ಗೊತ್ತು ನಿಮ್ಮ ತ್ರಾವೊರೆ ಕುಲಕ್ಕೆ. ಕರಿಯೋದು ಯಾವಾಗ ಕಲೀತೀರೋ." ಆಮೇಲೆ ಅವಳತ್ತ ಬಾಗಿ ದನಿ ತಗ್ಗಿಸಿದ. "ಏನಾದ್ರೂ ಅನ್ನೇ ದೂಸು. ನಿನ್ನ ಕಾಲು ಹಿಡೀತೀನಿ, ಏನಾದ್ರೂ ಅನ್ನು."

ದೂಸು ಜಾಲರಿ ಸೌಟನ್ನು ಕೆಳಗಿಟ್ಟಳು. ಎಷ್ಟೋ ದಿನಗಳ ಮೇಲೆ ತಲೆಯೆತ್ತಿ ಅವನ ಮುಖವನ್ನು ನೋಡಿದಳು.

"ಥೂ, ಕಳ್ಳ ಕುಲಿಬಾಲಿ," ಅಂದಳು. "ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ? ಇಲ್ಲಿ ನನ್ನನ್ನ ಬೈಯೋಕೂ ಒಂದು ನರಪಿಳ್ಳೆ ಇರ್ಲಿಲ್ಲ."

"ಮೆಕ್ಕಾಗೆ ಹೋಗಿದ್ದೆ ಕಣೇ," ಎಂದ ಸಿನಾಲಿ, ಕಣ್ಣೊರೆಸಿಕೊಳ್ಳುತ್ತ. "ಈಗಷ್ಟೇ ಬಂದೆ."